ಕಾವಲಿನ ಖರ್ಚು

ನಮ್ಮ ಪರಶುರಾಂಪುರದ ಕಡೆ ಶೇಂಗಾ ಕಿತ್ತು ಮುಗಿದ ಮೇಲೆ ಕುರಿಯವರು ಚಳ್ಳಕೆರೆ ದಾಟಿ ಕಾವಲು ಎಂಬ ಹುಲ್ಲುಗಾವಲುಗಳತ್ತ ಹೊರಡುತ್ತಿದ್ದರು. ಶಾಲೆಗೆ ರಜೆ ಇದ್ದಾಗ ದೊಡ್ಡಪ್ಪನ ಮಂದೆಯ ಹಿಂದೆ ನಾನೂ ಹೋಗಿದ್ದುಂಟು. ಕುದಾಪುರ, ವರವು, ಉಳ್ಳಾರ್ತಿ, ಎಲ್ಲಿ ನೋಡಿದರೂ ಕರಡದ ಹುಲ್ಲು, ನಡುವೆ ಜಾಲಿ, ಬಾರೆ. ರಾತ್ರಿ ಹೊದ್ದ ಕಂಬಳಿಗೆ ಹುಲ್ಲಿನ ಮುಳ್ಳು ಹತ್ತಿಕೊಂಡಿರುತ್ತಿತ್ತು. ಬೆಳಗಾದರೆ ಒಂದೊಂದನ್ನೇ ಉಗುರಲ್ಲಿ ಹಿಡಿದು ಕೀಳಬೇಕು. ಬಲಿತ ಮುಳ್ಳು ಕುರಿಯ ಬಾಯಿಗೂ ಚುಚ್ಚಿ ಹುಣ್ಣಾಗುತ್ತಿತ್ತು. ನೀರು ದೂರ, ತೋಳದ ಭಯ, ಮಳೆ ಕೈಕೊಟ್ಟ ವರ್ಷ ಹುಲ್ಲೂ ಇಲ್ಲ. ಅದು ಸುಖದ ಬದುಕೇನಲ್ಲ. ಆದರೆ ಹೊಲವಿಲ್ಲದವನೂ ನಾಲ್ಕು ಕುರಿ ಸಾಕಿ ಬದುಕಬಹುದಿತ್ತು, ಮೇವಿಗೆ ದುಡ್ಡು ಕೊಡುವ ಪ್ರಶ್ನೆಯೇ ಇರಲಿಲ್ಲ.

ಆ ಬಯಲು ಉಳಿದು ಬಂದದ್ದೇ ಯುದ್ಧದ ದೆಸೆಯಿಂದ. ಮೈಸೂರು ಅರಸರ ದನಗಳ ಇಲಾಖೆಯಾದ ಬೆಣ್ಣೆ ಚಾವಡಿಗೆ ಟಿಪ್ಪು ಅಮೃತಮಹಲ್ ಎಂದು ಹೆಸರಿಟ್ಟ. ಅದರ ಎತ್ತುಗಳು ಫಿರಂಗಿ ಎಳೆಯುವ ಎತ್ತುಗಳು. ಅವುಗಳ ಬಲದಿಂದಲೇ ಹೈದರ್ ಎರಡೂವರೆ ದಿನದಲ್ಲಿ ನೂರು ಮೈಲಿ ದಾಟಿ ಚಿದಂಬರಂ ತಲುಪಿದನೆಂದು ಹಳೆಯ ಗೆಜೆಟಿಯರ್ ಹೇಳುತ್ತದೆ. ಫಿರಂಗಿ ಎರಕ ಹೊಯ್ದರೆ ಖರ್ಚು ಮುಗಿಯುತ್ತಿರಲಿಲ್ಲ. ಎತ್ತಿಗೆ ವರ್ಷವಿಡೀ ಮೇವು ಬೇಕು, ನೋಡಿಕೊಳ್ಳುವವರಿಗೆ ಸಂಬಳ ಬೇಕು. ಅದಕ್ಕೇ ಬೇಸಿಗೆಗೊಂದು, ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು ಎಂದು ಕಾವಲುಗಳನ್ನು ಮೀಸಲಿಟ್ಟಿದ್ದರು. 1799ರ ನಂತರ ಬ್ರಿಟಿಷರೂ ಅದನ್ನೇ ಮುಂದುವರಿಸಿದರು. 1860ರಲ್ಲಿ ಮಾತ್ರ, ಖರ್ಚು ಉಳಿಸಲೆಂದು, ಮದ್ರಾಸಿನ ಗವರ್ನರ್ ಟ್ರೆವೆಲಿಯನ್ ಇಲಾಖೆಯನ್ನೇ ಮುಚ್ಚಿಸಿ ದನಗಳನ್ನು ಮಾರಿಸಿದ. 1866ರ ಹೊತ್ತಿಗೆ ಮತ್ತೆ ದನ ಹುಡುಕಿ ತಂದು ಇಲಾಖೆ ತೆರೆಯಬೇಕಾಯಿತು. ತಲೆಮಾರುಗಟ್ಟಲೆ ಕಾದು ಬೆಳೆಸಿದ ತಳಿ ಹರಾಜಿಗೆ ಹೋದ ಮೇಲೆ ಮೊದಲಿನಂತೆ ಕೈಗೆ ಸಿಕ್ಕೀತೇ?

ಈಗ ಅದೇ ಕಾವಲುಗಳಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒಗೆ 4,290 ಎಕರೆ, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,810, ಭಾರತೀಯ ವಿಜ್ಞಾನ ಸಂಸ್ಥೆಗೆ 1,500. ಇಸ್ರೋ ಪಾಲು ಬೇರೆ. 2013ರಲ್ಲಿ ಈ ಜಮೀನಿನ ತಕರಾರು ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠದ ಮೆಟ್ಟಿಲು ಹತ್ತಿತು. 2017ರ ಮೇ 28ರಂದು ವರವು ಕಾವಲಿನಲ್ಲಿ ವೈಮಾನಿಕ ಪರೀಕ್ಷಾ ವಲಯವನ್ನು ಅರುಣ್ ಜೇಟ್ಲಿ ಉದ್ಘಾಟಿಸಿದರು. ಅದೇ ವರ್ಷ ಅಲ್ಲಿ ಲಾರಿಯ ಮೇಲೆ ಕೂರಿಸಿದ ಒಂದು ಕಿಲೋವ್ಯಾಟ್ ಲೇಸರ್ ಪರೀಕ್ಷೆ ನಡೆಯಿತು. 250 ಮೀಟರ್ ದೂರದ ಲೋಹದ ತಗಡಿಗೆ ತೂತು ಬೀಳಲು 36 ಸೆಕೆಂಡ್ ಬೇಕಾಯಿತು. ಮೇಲೆ ಬರುವ ಡ್ರೋನ್ ಅಷ್ಟು ಹೊತ್ತು ನಿಂತಲ್ಲೇ ನಿಲ್ಲುವುದಿಲ್ಲ. 2025ರ ಏಪ್ರಿಲ್‌ನಲ್ಲಿ ಕರ್ನೂಲು ಬಳಿ 30 ಕಿಲೋವ್ಯಾಟ್ ಲೇಸರ್ ಹಾರುತ್ತಿದ್ದ ಡ್ರೋನನ್ನೇ ಕೆಡವಿತು. ನಡುವಿನ ಆ ಎಂಟು ವರ್ಷ ಯಾರೋ ಬಿಡದೆ ಹಣ ಕೊಟ್ಟಿದ್ದಾರೆ, ಯಾರೋ ಬಿಡದೆ ದುಡಿದಿದ್ದಾರೆ. ಅಗ್ಗದ ಡ್ರೋನಿಗೆ ದುಬಾರಿ ಕ್ಷಿಪಣಿ ಹಾರಿಸುತ್ತಾ ಕೂತರೆ ಯಾವ ಬೊಕ್ಕಸವೂ ಉಳಿಯದು ಎಂಬ ಅರಿವು ಈ ಲೇಸರಿನ ಹಿಂದಿದೆ.

ನಾನು ಇದಕ್ಕೆಲ್ಲ ವಿರೋಧಿಯಲ್ಲ. 2025ರ ಮೇನಲ್ಲಿ ಗಡಿಯಾಚೆಯಿಂದ ಡ್ರೋನು, ಕ್ಷಿಪಣಿಗಳು ಬಂದಾಗ ಆಕಾಶ್ ಮತ್ತು ಎಸ್-400 ಕ್ಷಿಪಣಿ ವ್ಯವಸ್ಥೆಗಳು ಅವನ್ನು ತಡೆದ ಸುದ್ದಿ ಕೇಳಿ ನಿಜಕ್ಕೂ ಸಮಾಧಾನವಾಯಿತು. ಆಕಾಶ್‌ನ ರಾಡಾರ್ ರೂಪಿಸಿದ್ದು ಬೆಂಗಳೂರಿನ ರಾಡಾರ್ ಪ್ರಯೋಗಾಲಯ ಎಲ್‌ಆರ್‌ಡಿಇ. 1983ರಲ್ಲಿ ಐದು ಕ್ಷಿಪಣಿಗಳಿಗೆಂದು ಮಂಜೂರಾದ 388 ಕೋಟಿ ರೂಪಾಯಿ ಯೋಜನೆಯಲ್ಲಿ ಹುಟ್ಟಿದ ಆಕಾಶ್ ವಿಧ್ಯುಕ್ತವಾಗಿ ಸೇನೆ ಸೇರಿದ್ದು 2015ರಲ್ಲಿ. ಎಸ್-400ಕ್ಕೆ 2018ರಲ್ಲಿ ರಷ್ಯಾದೊಂದಿಗೆ ಐನೂರು ಕೋಟಿ ಡಾಲರ್ ಮೀರಿದ ಒಪ್ಪಂದವಾಯಿತು. ಐದು ಘಟಕಗಳಲ್ಲಿ ಮೂರು ಬಂದವು, ಉಕ್ರೇನ್ ಯುದ್ಧದಿಂದಾಗಿ ಉಳಿದೆರಡು ತಡವಾದವು. ತಂದು ನಿಲ್ಲಿಸಿದರೂ ಮುಗಿಯಲಿಲ್ಲ. ಹಾರಿಸಿದ ಪ್ರತಿ ಕ್ಷಿಪಣಿಯ ಜಾಗಕ್ಕೆ ಇನ್ನೊಂದು ಬೇಕು. ಹಾರಿಸದಿದ್ದರೂ ಅದರ ಇಂಧನಕ್ಕೆ ವಯಸ್ಸಾಗುತ್ತದೆ. ರಾಡಾರಿಗೆ ಬಿಡಿಭಾಗ ಬೇಕು, ಸಿಬ್ಬಂದಿಗೆ ತರಬೇತಿ ಬೇಕು. ಸುದರ್ಶನ ಚಕ್ರ ಎಂಬ ರಕ್ಷಾಕವಚವನ್ನು 2035ರೊಳಗೆ ಕಟ್ಟುವುದಾಗಿ ಪ್ರಧಾನಿ 2025ರ ಆಗಸ್ಟ್ 15ರಂದು ಘೋಷಿಸಿದ್ದಾರೆ. ಕಟ್ಟಲು ಹಣ ಸಿಗುತ್ತದೆ. 2036ರಿಂದ ಆಚೆಗೆ ಪ್ರತಿ ವರ್ಷ ಅದನ್ನು ಸಾಕುವ ಹಣದ ಬಗ್ಗೆ ಸಂಸತ್ತಿನಲ್ಲಿ ಇಂದೇ ಕೇಳಬೇಕು, ಇಲ್ಲವಾದರೆ 1860ರಂಥ ಉಳಿತಾಯ ಯಾರಿಗಾದರೂ ಹೊಳೆಯುತ್ತದೆ.

ಇನ್ನೊಂದು ಖರ್ಚು ಯಾವ ಬಜೆಟ್ ಪುಸ್ತಕದಲ್ಲೂ ಕಾಣುವುದಿಲ್ಲ. ಕಾವಲಿನ ದಾರಿ ಮುಚ್ಚಿದ ಮೇಲೆ ದೊಡ್ಡಪ್ಪನ ಮಗ ಮಂದೆ ಮಾರಿದ. ಉಳಿಸಿಕೊಂಡ ಕೆಲವು ಕುರಿಗಳನ್ನು ಹಿತ್ತಲಲ್ಲೇ ಕಟ್ಟಿ ಮೇಯಿಸುತ್ತಾನೆ. ಮಳೆ ಬಾರದ ವರ್ಷ ಶೇಂಗಾ ಹೊಟ್ಟಿಗೂ ಪೈಪೋಟಿ. ಟ್ರ್ಯಾಕ್ಟರ್ ಲೋಡಿಗೆ ರೇಟು ಕುದುರಿಸುವಾಗ, "ನೋಡಪ್ಪ, ನಮ್ಮಪ್ಪ ಕುರಿ ಮಾರಿ ಹೊಲ ತಗೊಂಡ, ನಾನು ಕುರಿ ಮಾರಿ ಹೊಟ್ಟು ತಗೋತಿದೀನಿ" ಅನ್ನುತ್ತಾನೆ. ಫಿರಂಗಿಯ ಕಾಲದಲ್ಲಿ ರಾಜ್ಯದ ರಕ್ಷಣೆಗೂ ದನದ ಹೊಟ್ಟೆಗೂ ಅದೇ ಹುಲ್ಲು ಸಾಕಾಗಿತ್ತು. ಈಗ ನಡುವೆ ಗೋಡೆ ಬಂದಿದೆ. ದೇಶದ ಆಕಾಶ ಕಾಯುವ ಖರ್ಚಿನ ಒಂದು ಪಾಲನ್ನು ಈ ಕುರಿಯವರೇ ಭರಿಸುತ್ತಿದ್ದಾರೆ. ರಸೀದಿಯಿಲ್ಲ, ವಾಯಿದೆಯಿಲ್ಲ.

ನಾನು ಕೇಳುವುದು ಕಷ್ಟದ್ದಲ್ಲ. ಪರೀಕ್ಷಾ ವಲಯದ ವಾರ್ಷಿಕ ನಿರ್ವಹಣೆಯ ಹಣದಲ್ಲೇ ಸುತ್ತಲಿನ ಹಳ್ಳಿಗಳ ಮೇವಿಗೆ ಒಂದು ಬಾಬ್ತು ತೆರೆಯಲಿ. ಓಡುಪಥದಿಂದ ದೂರವಿರುವ, ಗೋಡೆಯೊಳಗೆ ಖಾಲಿ ಬಿದ್ದ ಬಯಲಿನಲ್ಲಿ ಪರೀಕ್ಷೆಯಿಲ್ಲದ ತಿಂಗಳುಗಳಲ್ಲಿ ಹುಲ್ಲು ಕೊಯ್ದುಕೊಳ್ಳಲು ಪಾಸು ಕೊಡಲಿ. ತಾಲ್ಲೂಕಿನಲ್ಲಿ ಉಳಿದಿರುವ ಕಾವಲನ್ನು ಅಳೆದು, ಪಹಣಿಯಲ್ಲಿ ಗೋಮಾಳದ ಹಕ್ಕು ಬರೆದು, ಇನ್ನು ಮುಂದೆ ಅದನ್ನು ಯಾವ ಸಂಸ್ಥೆಗೂ ಕೊಡದಿರಲಿ.