ಸೀಸೆಯೊಳಗಿನ ಕಾಕಂಬಿ

ಭಾನುವಾರ ರಾತ್ರಿ ಮಂಡ್ಯದ ಆ ಮನೆಗೆ ಅಮೆರಿಕದಿಂದ ಫೋನ್ ಬರುತ್ತಿತ್ತು. ಕ್ಯಾನ್ಸಸ್ ಸಿಟಿಯಲ್ಲಿ ಎಂ.ಎಸ್. ಓದುತ್ತಿದ್ದ ಮಗನದು. 1997ರಲ್ಲಿ ನಿಮಿಷ ನಿಮಿಷಕ್ಕೂ ದುಡ್ಡು. ಹಾಗಾಗಿ ಅಮ್ಮನವು ಎರಡೇ ಪ್ರಶ್ನೆ: ‘ಹೊಟ್ಟೆಗೆ ಸರಿಯಾಗಿ ತಿಂತಿದೀಯೇನೋ?’, ‘ಜೊತೆಗೆ ಯಾರಾದ್ರೂ ಇದಾರಾ?’ ಎರಡಕ್ಕೂ ಹುಡುಗ ‘ಹೂಂ’ ಎನ್ನುತ್ತಿದ್ದ. ಎರಡನೆಯದು ಸುಳ್ಳು.

ಬೇಸಿಗೆಯ ಶನಿವಾರಗಳಂದು ಜೊತೆಯ ಹುಡುಗರು ಹಿತ್ತಿಲಲ್ಲಿ ಕೆಂಡ ಹಾಕಿ ಬಾರ್ಬೆಕ್ಯೂಗೆ ಕೂರುತ್ತಿದ್ದರು. ಮಾಂಸ ತಿನ್ನದ ಇವನು ಲೈಬ್ರರಿಯ ನೆಪ ಹೇಳಿ ಜಾರಿಕೊಳ್ಳುತ್ತಿದ್ದ. ಆ ಊರಲ್ಲಿ ಬಾರ್ಬೆಕ್ಯೂ ತಪ್ಪಿಸಿಕೊಂಡರೆ ನಮ್ಮಲ್ಲಿ ಮದುವೆ ಊಟಗಳನ್ನೆಲ್ಲ ತಪ್ಪಿಸಿಕೊಂಡಂತೆ. ಅಮೆರಿಕದಲ್ಲಿ ಸೀಮೆಗೊಂದು ಸಾಸ್. ನಾರ್ತ್ ಕೆರೊಲಿನಾದ ಪೂರ್ವಭಾಗದಲ್ಲಿ ನೀರಾದ ವಿನೆಗರ್-ಮೆಣಸಿನಕಾಯಿ, ಸೌತ್ ಕೆರೊಲಿನಾದಲ್ಲಿ ಸಾಸಿವೆ, ಅಲಬಾಮದ ಉತ್ತರಕ್ಕೆ ಬೆಳ್ಳಗಿನ ಮಯೊನೈಸ್. ಕ್ಯಾನ್ಸಸ್ ಸಿಟಿಯದು ಟೊಮೆಟೊ, ಕಾಕಂಬಿ ಸೇರಿದ ದಪ್ಪ ಸಿಹಿ ಸಾಸ್. 1970ರ ದಶಕದಲ್ಲಿ ಅದನ್ನು ಸೀಸೆಗೆ ತುಂಬಿ ದೇಶಕ್ಕೆಲ್ಲ ರುಚಿ ಹತ್ತಿಸಿದ ರಿಚ್ ಡೇವಿಸ್ ವೃತ್ತಿಯಲ್ಲಿ ಮಕ್ಕಳ ಮನೋವೈದ್ಯರು. ಸಿಹಿಯ ಮರ್ಮ ಅವರಿಗೆ ಗೊತ್ತಿದ್ದರೆ ಆಶ್ಚರ್ಯವೇನು!

ಒಂದು ದಿನ ಪಕ್ಕದ ಕೋಣೆಯವನು ಬಿಡಲಿಲ್ಲ. ‘ನಿನಗೆ ಜೋಳ, ಬದನೆಕಾಯಿ ಬೇರೆ ಸುಡ್ತೀವಿ. ಈ ಸಾಸಿಗೆ ನಿಮ್ಮೂರ ಖಾರ ಸೇರಿಸಿಕೊಡು’ ಎಂದು ಸೀಸೆ ಕೈಗಿತ್ತ. ಚೀಟಿ ಓದಿದರೆ ಅದರಲ್ಲಿ ವುಸ್ಟರ್‌ಶೈರ್ ಸಾಸ್, ಅದರೊಳಗೆ ಆಂಚೊವಿ ಎಂಬ ಪುಟ್ಟ ಮೀನು. ಅದೇ ಸಾಲಿನಲ್ಲಿ ಹುಣಸೆಹಣ್ಣು! ಹುಡುಗ ಮೀನಿಲ್ಲದ ಬೇರೊಂದು ಸೀಸೆ ತಂದ. ನಾಲಿಗೆಗಿಟ್ಟರೆ ಬರೀ ಪಾಯಸ. ಎರಡು ಚಮಚ ಮೆಣಸಿನಪುಡಿ ಸುರಿದ. ಅದು ಕಸದ ಬುಟ್ಟಿಗೆ ಹೋಯಿತು.

ಶನಿವಾರ ರಾತ್ರಿ ಮಂಡ್ಯದಲ್ಲಿ ಫೋನ್ ಹೊಡೆದುಕೊಂಡಾಗ ಅಮ್ಮನ ಎದೆ ಧಸಕ್ಕೆಂದಿತು. ಭಾನುವಾರವಲ್ಲದ ಫೋನ್!

‘ಏನಾಯ್ತೋ ಮಗು?’

‘ಏನಿಲ್ಲಮ್ಮ, ಒಂದು ಗೊಜ್ಜು ಸರಿ ಮಾಡಬೇಕು.’

‘ಏನೇನಿದೆ ಅದರಲ್ಲಿ?’

‘ಟೊಮೆಟೊ, ವಿನೆಗರ್, ಮೊಲಾಸಸ್...’

‘ಅದೇನೋ ಅದು?’

ಹಿಂದಿನಿಂದ ಅಪ್ಪ, ‘ಕಾಕಂಬಿ ಕಣೇ’ ಎಂದರು. ಸಕ್ಕರೆ ಕಾರ್ಖಾನೆಯ ಊರಿನವರಿಗೆ ಅದರ ವಾಸನೆ ವಿವರಿಸಬೇಕಿಲ್ಲ.

‘ಹಾಗಿದ್ರೆ ಸಿಹಿ, ಉಪ್ಪು ಎರಡನ್ನೂ ಮುಟ್ಟಬೇಡ. ಹುಣಸೆಹಣ್ಣು ನೆನೆಸು. ಸೀಸೆಗೆಲ್ಲ ಸುರೀಬೇಡ, ಒಂದು ಬಟ್ಟಲಿಗೆ ಬಗ್ಗಿಸಿಕೋ.’

ಒಂದು ಬಟ್ಟಲು ಸಾಸಿಗೆ ಒಂದು ಚಮಚ ಗಟ್ಟಿ ಹುಣಸೆ ರಸ, ಅರ್ಧ ಚಮಚ ಹುರಿದ ಜೀರಿಗೆಯ ಪುಡಿ, ಮೆಣಸಿನಪುಡಿ ಮಾತ್ರ ಚಿಟಿಕೆ ಚಿಟಿಕೆಯಾಗಿ. ಸಣ್ಣ ಉರಿಯಲ್ಲಿ ಹತ್ತು ನಿಮಿಷ. ಸಕ್ಕರೆ ತಳ ಹಿಡಿಯುವುದರಿಂದ ಕೈಯಾಡಿಸುತ್ತಲೇ ಇರಬೇಕು. ಬಿಸಿಯಲ್ಲಿ ನಾಲಿಗೆ ಮೋಸ ಹೋಗುತ್ತದೆ, ಆರಿದ ಮೇಲೆಯೇ ರುಚಿ ನೋಡಬೇಕು. ಇಷ್ಟು ಅಮ್ಮ ಹೇಳಿದ್ದು. ಉಳಿದದ್ದನ್ನು ಕೆಂಡವೇ ಕಲಿಸಿತು. ಮೊದಲೇ ಸಾಸ್ ಬಳಿದ ಎರಡು ಜೋಳದ ತೆನೆ ಕರಕಲಾಗಿ ಕಹಿಯಾದವು. ಸಿಹಿ ಇರುವ ಸಾಸನ್ನು ಕೊನೆಯ ಕೆಲವು ನಿಮಿಷಗಳಲ್ಲಷ್ಟೇ ಬಳಿಯಬೇಕು. ಹಸಿ ಮಾಂಸ ಮುಟ್ಟಿದ ಬ್ರಷ್ಷು ಬಟ್ಟಲಿಗೆ ಬೀಳದಂತೆ ಇವನು ಕಾವಲು ನಿಂತ. ಮಡಿಯೆಂದು ಅವರು ನಕ್ಕರೂ, ಮಾಂಸ ತಿನ್ನುವವರ ಆರೋಗ್ಯಕ್ಕೂ ಅದು ಬೇಕಾದದ್ದೇ. ಫ್ರಿಜ್ಜಿನಲ್ಲಿಡೋಣವೆಂದರೆ ಬಟ್ಟಲಿನಲ್ಲಿ ಏನೂ ಉಳಿಯಲಿಲ್ಲ.

ಮರುದಿನ ಭಾನುವಾರ.

‘ಎಷ್ಟು ಜನ ಇದ್ರು?’

‘ನನ್ನ ಸೇರಿ ಹನ್ನೊಂದು.’

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಹೋದ ವಾರದ ತನಕ ಯಾರೂ ಇರಲಿಲ್ಲ ಅಲ್ವೇನೋ?’

ಡಾಲರು ಓಡುತ್ತಿತ್ತು.

‘ಇರಲಿಲ್ಲಮ್ಮ.’

‘ನಂಗೊತ್ತಿತ್ತು ಬಿಡು. ಮುಂದಿನ ಸಲ ನಾಲ್ಕು ಕಾಳು ಮೆಂತ್ಯ ಹುರಿದು ಪುಡಿ ಮಾಡಿ ಹಾಕು. ಹೊತ್ತಿಸಬೇಡ, ಕಹಿಯಾಗುತ್ತೆ.’