ಸೋರೆಬುರುಡೆಯ ದನಿ

ವಾಡಿ ಜಂಕ್ಷನ್ನಿನಿಂದ ಸೇಡಮಿನತ್ತ ಹೊರಟ ರೈಲುಗಾಡಿಯ ಕಿಟಕಿಯ ಬಳಿ ಒಬ್ಬ ಮುದುಕ. ಎದುರಿಗೆ ಅವನ ಮೊಮ್ಮಗ. ಮುದುಕನ ತೊಡೆಯ ಮೇಲೆ ಹಳೆಯ ಧೋತರದಲ್ಲಿ ಸುತ್ತಿದ ಗಂಟು. ಅದರೊಳಗೆ ಬುರುಡೆ ಸೀಳಿದ ಏಕತಾರಿ. ಚಿಂಚೋಳಿಯ ಕಡೆಯ ಹಳ್ಳಿಯೊಂದರಲ್ಲಿ ನಾಲ್ವತ್ತು ವರ್ಷ ತತ್ವಪದಗಳಿಗೆ ಶ್ರುತಿಯಾಗಿದ್ದ ವಾದ್ಯವದು. ಶಹಾಬಾದಿನಲ್ಲಿ ರಾತ್ರಿಯೆಲ್ಲ ಭಜನೆ ಮುಗಿಸಿ ಮರಳುವಾಗ, ಗಾಡಿ ಹತ್ತುವ ನೂಕುನುಗ್ಗಲಿನಲ್ಲಿ ಒಡೆದುಹೋಗಿತ್ತು.

“ಬಿಡು ಅಜ್ಜಾ, ಶ್ರುತಿಪೆಟ್ಟಿಗಿ ತರೋಣು. ಗುಂಡಿ ಒತ್ತಿದ್ರ ಸಾಕು, ದನಿ ಬರತಾದ,” ಎಂದನು ಯುವಕ.

“ದನಿ ಬರತಾದ, ಖರೆ. ನಾ ತಪ್ಪಿದ್ರ ಅದಕ್ಕ ತಿಳೀತಾದೇನು?”

ಯುವಕನು ಉತ್ತರಿಸಲಿಲ್ಲ.

ಏಕತಾರಿಯು ನೋಡುವುದಕ್ಕೆ ಎಷ್ಟು ಸರಳವೋ ಮಾಡುವುದಕ್ಕೆ ಅಷ್ಟು ಸರಳವಲ್ಲ. ಕಹಿಸೋರೆಯ ಕಾಯಿ ಬಳ್ಳಿಯಲ್ಲಿಯೇ ಬಲಿತು ತೊಗಟೆ ಗಟ್ಟಿಯಾಗಬೇಕು. ಎಳೆಯದನ್ನು ಕೊಯ್ದರೆ ಒಣಗುವಾಗ ಸುಕ್ಕಾಗುತ್ತದೆ. ಒಣಗಿದ ಕಾಯಿಯ ಬಾಯಿ ತೆರೆದು, ತಿರುಳನ್ನೂ ಬೀಜವನ್ನೂ ತೆಗೆದು, ಬಾಯಿಗೆ ತೊಗಲು ಬಿಗಿಯಬೇಕು. ಬಿದಿರಿನ ದಂಡಿಗೆ, ಮೇಲೊಂದು ಬಿರಡೆ, ತೊಗಲಿನ ಮೇಲೊಂದು ಪುಟ್ಟ ಕುದುರೆ, ಒಂದೇ ತಂತಿ. ತಂತಿಯ ನಡುಕವನ್ನು ಕುದುರೆಯು ತೊಗಲಿಗೆ ದಾಟಿಸುತ್ತದೆ. ಬುರುಡೆಯೊಳಗಿನ ಗಾಳಿಯು ಅದನ್ನು ತುಂಬಿಕೊಡುತ್ತದೆ. ಬುರುಡೆ ಸೀಳಿದರೆ ತಂತಿ ಎಷ್ಟೇ ಹೊಸದಾದರೂ ದನಿ ಬಡವಾಗುತ್ತದೆ.

ಚಿತ್ತಾಪುರ ಬಂದಿತು. ಊರಿನ ಬಳಿಯಲ್ಲೇ ನಾಗಾವಿ. ಚಾಲುಕ್ಯರ ಕಾಲದ ಘಟಿಕಾಸ್ಥಾನ. ಅಲ್ಲಿಯ 1058ರ ಶಾಸನವು ಗ್ರಂಥಭಂಡಾರವನ್ನು ನೋಡಿಕೊಳ್ಳುತ್ತಿದ್ದ ಆರು ಮಂದಿ ಸರಸ್ವತೀ ಭಂಡಾರಿಗರನ್ನು ಹೆಸರಿಸುತ್ತದೆ. ಮುಂದೆ ಕಾಗಿಣಾ ನದಿಯ ದಂಡೆಯ ಮಳಖೇಡ, ನೃಪತುಂಗನ ರಾಜಧಾನಿ. ಉತ್ತರಕ್ಕೆ ಕಲ್ಯಾಣ, ಅಲ್ಲಿ ಆಳಿದ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ವಾದ್ಯವಿನೋದಕ್ಕೆಂದೇ ಒಂದು ಭಾಗವಿದೆ. 12ನೆಯ ಶತಮಾನದ ಅದೇ ಕಲ್ಯಾಣದಲ್ಲಿ ಬಸವಣ್ಣನವರು ತಮ್ಮ ದೇಹವನ್ನೇ ವಾದ್ಯವಾಗಿಸೆಂದು ಕೂಡಲಸಂಗನನ್ನು ಬೇಡಿಕೊಂಡ ವಚನದಲ್ಲಿ ದಂಡಿಗೆ, ಸೋರೆ, ತಂತಿಗಳೆಲ್ಲ ಬಂದಿವೆ. ಶರಣರಲ್ಲೊಬ್ಬರಿಗೆ ಕಿನ್ನರಿ ಬೊಮ್ಮಯ್ಯನೆಂದು ವಾದ್ಯದಿಂದಲೇ ಹೆಸರು ಬಂದಿತು. 13ನೆಯ ಶತಮಾನದಲ್ಲಿ ದೇವಗಿರಿಯ ಶಾರ್ಙ್ಗದೇವನು ‘ಸಂಗೀತರತ್ನಾಕರ’ದಲ್ಲಿ ಕಿನ್ನರಿಯ ಬಗೆಗಳನ್ನೂ, ದಂಡಿಗೆಯ ಮೇಲೆ ಮೇಣದಿಂದ ಮೆಟ್ಟುಗಳನ್ನು ಕೂರಿಸುವ ಕ್ರಮವನ್ನೂ ವಿವರಿಸಿದ್ದಾನೆ. ಅರಸರ ಸಭೆಯಿಂದ ಕಿನ್ನರಿ ಮರೆಯಾದ ಮೇಲೂ ಅರ್ಜುನ ಜೋಗಿಯ ಕಥೆ ಹಾಡುವ ಕಿನ್ನರಿ ಜೋಗಿಗಳು ಅದನ್ನು ಹೆಗಲ ಮೇಲೆ ಹೊತ್ತು ಊರೂರು ತಿರುಗಿದರು.

ಯುರೋಪಿನಲ್ಲಿಯೂ ಇಂಥದೇ ಕಥೆಯಿದೆ. ಲ್ಯೂಟ್ ಎಂಬ ತಂತಿವಾದ್ಯವು 18ನೆಯ ಶತಮಾನದ ಕೊನೆಯ ವೇಳೆಗೆ ಬಳಕೆ ತಪ್ಪಿತು. ಹಳೆಯ ವಾದ್ಯಗಳನ್ನು ಪರೀಕ್ಷಿಸಿ, ಹಳೆಯ ಗ್ರಂಥಗಳನ್ನು ಓದಿ, ಆರ್ನಾಲ್ಡ್ ಡಾಲ್ಮೆಚ್ ಎಂಬಾತನು ಇಂಗ್ಲೆಂಡಿನಲ್ಲಿ 1893ರಲ್ಲಿ ತನ್ನ ಮೊದಲ ಲ್ಯೂಟನ್ನು ಕಟ್ಟಿದನು. ಕೇಳಿ ತಿಳಿಯೋಣವೆಂದರೆ ಹಳಬರು ಯಾರೂ ಉಳಿದಿರಲಿಲ್ಲ. ಕಟ್ಟಿಗೆಯನ್ನೂ ಕಾಗದವನ್ನೂ ಕೇಳಿಯೇ ಕಲಿಯಬೇಕಾಯಿತು.

ಈ ಯುವಕನಿಗೆ ಆ ಕಷ್ಟವಿರಲಿಲ್ಲ. ಕೇಳಬೇಕಾದವನು ಎದುರಿಗೇ ಕುಳಿತಿದ್ದನು. ಆದರೆ ವಾಡಿಯ ಸಿಮೆಂಟು ಕಾರ್ಖಾನೆಯ ಪಾಳಿಯ ನಡುವೆ ಕೇಳುವುದಕ್ಕೆ ಅವನಿಗೆ ಬಿಡುವಿರಲಿಲ್ಲ. ಮುದುಕನಿಗೂ, ಕೇಳದವನಿಗೆ ಹೇಳುವ ಅಭ್ಯಾಸವಿರಲಿಲ್ಲ.

ಮಳಖೇಡ ದಾಟಿದ ಮೇಲೆ ಯುವಕನು ಗಂಟನ್ನು ಬಿಚ್ಚಿದನು. ಸೀಳಿನ ಮೇಲೆ ಬೆರಳಾಡಿಸಿ ಕೇಳಿದನು: “ಇದರ ಬೀಜ ಎಲ್ಲಿ ಸಿಗತಾವ, ಅಜ್ಜಾ?”

“ಮನ್ಯಾಗೇ ಅವ. ನಿಮ್ಮಜ್ಜಿ ಅರಿವ್ಯಾಗ ಕಟ್ಟಿ ಜಂತಿಗಿ ಸಿಗಿಸ್ಯಾಳ.”

“ಯಾವಾಗ ಹಾಕಬೇಕು?”

“ಮೊದಲ ಮಳಿ ಬಿದ್ದ ಮ್ಯಾಲ. ಕಾಯಿ ಬಲಿತು ಒಣಗಲಿಕ್ಕ ಬ್ಯಾಸಿಗಿ ಬರತಾದ. ಅಷ್ಟು ತಾಳ್ಮಿ ಐತೇನು ನಿನಗ?”

ಸೇಡಂ ಬಂದಿತು. ಚಿಂಚೋಳಿಯ ಬಸ್ಸು ಹಿಡಿಯಬೇಕಾಗಿತ್ತು. ಯುವಕನು ಏಕತಾರಿಯನ್ನು ಮತ್ತೆ ಧೋತರದಲ್ಲಿ ಜೋಪಾನವಾಗಿ ಸುತ್ತಿದನು. ಈ ಸಲ ಗಂಟನ್ನು ಅಜ್ಜನ ಕೈಗೆ ಕೊಡದೆ, ತಾನೇ ಎದೆಗವಚಿಕೊಂಡು ಗಾಡಿಯಿಂದ ಇಳಿದನು.