ಅಜ್ಜಿಗೆ ಕನ್ನಡ, ತಮ್ಮನಿಗೆ ತಮಿಳು

ಮಗುವಿನ ನುಡಿಯನ್ನು ರೂಪಿಸುವವಳು ತಾಯಿ ಎಂಬ ನಂಬಿಕೆ ನಮ್ಮಲ್ಲಿ ಎಷ್ಟು ಗಟ್ಟಿಯಾಗಿದೆಯೆಂದರೆ, ಆ ನುಡಿಗೆ 'ತಾಯ್ನುಡಿ' ಎಂದೇ ಹೆಸರಿಟ್ಟಿದ್ದೇವೆ. ಈ ನಂಬಿಕೆಯನ್ನು 1995ರಲ್ಲಿ ಅಮೆರಿಕದ ಜುಡಿತ್ ರಿಚ್ ಹ್ಯಾರಿಸ್ ನೇರವಾಗಿಯೇ ಪ್ರಶ್ನಿಸಿದರು. ಯಾವ ವಿಶ್ವವಿದ್ಯಾಲಯದ ಹುದ್ದೆಯೂ ಇಲ್ಲದೆ, ಮನೆಯಲ್ಲಿ ಕುಳಿತು ಮನೋವಿಜ್ಞಾನದ ಪಠ್ಯಪುಸ್ತಕಗಳನ್ನು ಬರೆಯುತ್ತಿದ್ದ ಹೆಣ್ಣುಮಗಳು ಆಕೆ. ಮಗುವಿನ ಸಾಮಾಜಿಕ ನಡವಳಿಕೆಯನ್ನು ತಿದ್ದಿ ನಿಲ್ಲಿಸುವುದು ತಂದೆತಾಯಿಗಳಿಗಿಂತ ಹೆಚ್ಚಾಗಿ ಅದರ ಓರಗೆಯ ಗುಂಪು ಎಂಬುದು ಅವರ ವಾದ. ಇದಕ್ಕೆ ಅವರು ಕೊಟ್ಟ ಬಲವಾದ ಸಾಕ್ಷ್ಯ ಭಾಷೆಯದು. ವಲಸೆ ಬಂದ ಕುಟುಂಬದ ಮಕ್ಕಳು ಅಪ್ಪ ಅಮ್ಮಂದಿರ ಉಚ್ಚಾರಣೆಯನ್ನು ಹೊತ್ತು ತಿರುಗುವುದಿಲ್ಲ. ಜೊತೆಗೆ ಆಡುವ ಮಕ್ಕಳಂತೆಯೇ ಮಾತನಾಡತೊಡಗುತ್ತಾರೆ.

ನನಗೆ ಈ ವಾದ ಹೊಸದೆನಿಸಲಿಲ್ಲ. ನಾನು ಬೆಳೆದದ್ದು ನಿಪ್ಪಾಣಿಯಲ್ಲಿ. ಮನೆಯಲ್ಲಿ ಕನ್ನಡ, ಪ್ರಾಥಮಿಕ ಶಾಲೆಯಲ್ಲಿ ಮರಾಠಿ, ಮುಂದೆ ಎರಡೂ. ಇಷ್ಟು ವರ್ಷ ಕನ್ನಡ ಪಾಠ ಹೇಳಿದ ಮೇಲೂ ಅಂಗಡಿಯಲ್ಲಿ ಲೆಕ್ಕ ಹಾಕುವಾಗ ಬಾಯಿಗೆ ಬರುವುದು 'ಬೇ ಏಕೇ ಬೇ, ಬೇ ದುಣೇ ಚಾರ್' ಎಂಬ ಮಗ್ಗಿಯೇ. ನನ್ನ ತಾಯಿಗೆ ಆ ಮಗ್ಗಿ ಗೊತ್ತಿರಲಿಲ್ಲ. ಅದನ್ನು ಕಲಿಸಿದ್ದು ಒಂದು ಬೆಂಚಿನ ಮೇಲೆ ಒತ್ತಿ ಕುಳಿತಿದ್ದ ನಾಲ್ವರು ಹುಡುಗರ ಒಕ್ಕೊರಲು.

ಆದರೆ ಹ್ಯಾರಿಸ್ ಅವರ ಮಾತನ್ನು ಸರಿಯಾಗಿ ತೂಗಿ ನೋಡುವ ಅವಕಾಶ ನನಗೆ ಒದಗಿದ್ದು ಕೆಲವು ವರ್ಷಗಳ ಹಿಂದೆ, ತಮಿಳುನಾಡಿನ ಸೇಲಂನಲ್ಲಿ. ನೊಳಂಬರ ಕನ್ನಡ ಶಾಸನಗಳ ಬೆನ್ನುಹತ್ತಿ ಧರ್ಮಪುರಿಗೆ ಹೋಗಿದ್ದೆ. 1965ರವರೆಗೆ ಧರ್ಮಪುರಿಯೂ ಸೇಲಂ ಜಿಲ್ಲೆಯ ಭಾಗವೇ ಆಗಿತ್ತು. ಇಂದಿನ ಕೃಷ್ಣಗಿರಿ ಜಿಲ್ಲೆ 2004ರಲ್ಲಿ ಧರ್ಮಪುರಿಯಿಂದ ಬೇರೆಯಾಯಿತು. ಜಿಲ್ಲೆಯ ಗಡಿಗಳು ಹೀಗೆ ಸರಿಯುತ್ತಿದ್ದರೂ ಹೊಗೆನಕಲ್ಲಿನಂಥ ಹೆಸರುಗಳಲ್ಲಿ ಕನ್ನಡ ತನ್ನ ಪಾಡಿಗೆ ತಾನು ಕುಳಿತಿದೆ. ಶಾಸನಗಳ ಕೆಲಸ ಮುಗಿದ ಮೇಲೆ ಪರಿಚಿತರೊಬ್ಬರ ಒತ್ತಾಯಕ್ಕೆ ಸೇಲಂನ ದೇವಾಂಗ ನೇಕಾರರ ಮನೆಯೊಂದಕ್ಕೆ ಹೋದೆ. ಆಮೇಲೆ ಎರಡು ರಜೆಗಳಲ್ಲಿ ಮತ್ತೆ ಹೋದೆ.

ದೇವಾಂಗರು ತೆಲುಗು ಅಥವಾ ಕನ್ನಡ ಆಡುವ ನೇಕಾರರೆಂದು 1909ರಲ್ಲಿ ಪ್ರಕಟವಾದ ಎಡ್ಗರ್ ಥರ್ಸ್ಟನ್ನನ ಗ್ರಂಥವೇ ದಾಖಲಿಸಿದೆ. ನಾನು ಹೋದದ್ದು ಕನ್ನಡ ಆಡುವವರ ಮನೆಗೆ. ನಡುಮನೆಯಲ್ಲಿ ಗುಂಡಿಮಗ್ಗ. ಅಜ್ಜಿ ರಾಟೆಯ ಮುಂದೆ ಕುಳಿತು ಕಂಡಿಕೆ ಸುತ್ತುತ್ತಿದ್ದರು. ಒಂಬತ್ತನೆಯ ತರಗತಿಯ ಮೊಮ್ಮಗಳು ಅಜ್ಜಿಯೊಡನೆ ಕನ್ನಡದಲ್ಲಿ ಮಾತನಾಡುತ್ತ, ಅದೇ ಉಸಿರಿನಲ್ಲಿ ತಿರುಗಿ ತಮ್ಮನನ್ನು ತಮಿಳಿನಲ್ಲಿ ಗದರಿದಳು. ಅಲ್ಲಿದ್ದ ಯಾರಿಗೂ ಇದು ವಿಶೇಷವೆನಿಸಲಿಲ್ಲ. ನನಗೆ ಮಾತ್ರ ಒಂದು ಭಾಷೆಯ ಆಯುಸ್ಸನ್ನು ಅಳೆಯುವ ಕೋಲು ಕೈಗೆ ಸಿಕ್ಕಂತಾಯಿತು. ಮಕ್ಕಳು ಹಿರಿಯರೊಡನೆ ಯಾವ ನುಡಿಯಲ್ಲಿ ಮಾತನಾಡುತ್ತಾರೆ ಎಂಬುದರಿಂದ ಅದು ತಿಳಿಯುವುದಿಲ್ಲ. ತಮ್ಮ ತಮ್ಮಲ್ಲಿ ಯಾವುದರಲ್ಲಿ ಜಗಳವಾಡುತ್ತಾರೆ ಎಂಬುದನ್ನು ನೋಡಬೇಕು.

ಅಜ್ಜಿ ಹೇಳಿದ ಸಂಗತಿ ಹ್ಯಾರಿಸ್ ಅವರ ವಾದಕ್ಕೆ ಅರ್ಥವಿವರಣೆಯಂತಿತ್ತು. ಅವರು ಚಿಕ್ಕವರಿದ್ದಾಗ ಬೀದಿಯ ಎರಡೂ ಸಾಲಿನ ಮನೆಗಳು ದೇವಾಂಗರವೇ. ಶಾಲೆ ಬಿಟ್ಟ ಮಕ್ಕಳು ಒಂದೇ ಜಗಲಿಯಲ್ಲಿ ಸೇರಿ ಕಂಡಿಕೆ ಸುತ್ತುತ್ತಿದ್ದರು. ಆಟದ ಜೊತೆಗಾರರೆಂದರೆ ಅತ್ತೆಮಾವಂದಿರ ಮಕ್ಕಳೇ. ತಲೆಮಾರುಗಳ ಕಾಲ ತಮಿಳಿನ ನಡುವೆ ಕನ್ನಡ ಉಳಿದದ್ದಕ್ಕೆ ತಾಯಂದಿರ ಜೋಗುಳವೊಂದೇ ಕಾರಣವಲ್ಲ. ಆ ಜಗಲಿಯ ಮಕ್ಕಳ ಗುಂಪೇ ಕನ್ನಡದ್ದಾಗಿತ್ತು. ಈಗ ಕೈಮಗ್ಗ ಎರಡು ಮನೆಗಳಲ್ಲಿ ಉಳಿದಿದೆ. ಮಕ್ಕಳು ಬೇರೆ ಬೇರೆ ಶಾಲೆಗಳ ವ್ಯಾನು ಹತ್ತುತ್ತಾರೆ. ತಾಯಿ ಅಂದಿನ ಕನ್ನಡವನ್ನೇ ಆಡುತ್ತಿದ್ದಾಳೆ, ಆದರೆ ಮಗುವಿಗೆ ಅದನ್ನು ಹಂಚಿಕೊಳ್ಳಲು ಓರಗೆಯವರಿಲ್ಲ.

ಆ ಜಗಲಿಯನ್ನು ನೆನೆದು ನಿಟ್ಟುಸಿರಿಡಲು ನನಗೆ ಮನಸ್ಸು ಬರುವುದಿಲ್ಲ. ಭಾಷೆಯನ್ನು ಕಾಪಾಡಿದ ಅದೇ ಗೋಡೆ ಬೇರೆ ಜಾತಿಯ ಮಕ್ಕಳನ್ನು ಹೊರಗೂ ಇರಿಸಿತ್ತು. ಈ ಗೋಡೆಯ ತಳಪಾಯ ಎಷ್ಟು ಆಳದಲ್ಲಿದೆ ಎಂಬುದನ್ನು 2007ರಲ್ಲಿ ಕ್ಯಾಥರೀನ್ ಕಿಂಜ್ಲರ್ ಮತ್ತು ಸಂಗಡಿಗರು ತೋರಿಸಿದರು. ಹತ್ತು ತಿಂಗಳ ಕೂಸುಗಳ ಮುಂದೆ ಇಬ್ಬರು ಅಪರಿಚಿತರು ಆಟಿಕೆ ಹಿಡಿದರೆ, ತನ್ನ ಮನೆಯ ನುಡಿ ಆಡಿದವರ ಆಟಿಕೆಯತ್ತ ಕೂಸು ಹೆಚ್ಚಾಗಿ ಕೈ ಚಾಚುತ್ತದೆ. ಐದು ವರ್ಷದ ಮಕ್ಕಳು ಗೆಳೆಯರನ್ನು ಆರಿಸಿಕೊಳ್ಳುವಾಗಲೂ ತಮ್ಮಂತೆ ಉಚ್ಚರಿಸುವವರನ್ನೇ ಬಯಸುತ್ತಾರೆ. ನಮ್ಮವರು, ಪರಕೀಯರು ಎಂಬ ವಿಂಗಡಣೆಯನ್ನು ಕಿವಿ ಇಷ್ಟು ಬೇಗ ಕಲಿಯುತ್ತದೆ.

ಹಾಗಾದರೆ ಆ ವಿಂಗಡಣೆ ಸಡಿಲವಾಗುವುದು ಹೇಗೆ? ಕಿಂಜ್ಲರ್ ಅವರೂ ಇದ್ದ ಷಿಕಾಗೋದ ತಂಡವೊಂದು 2015ರಲ್ಲಿ ನಾಲ್ಕರಿಂದ ಆರು ವರ್ಷದ ಮಕ್ಕಳಿಗೆ ಒಂದು ಆಟ ಒಡ್ಡಿತು. ಮಗುವಿಗೆ ಮೂರು ಗಾತ್ರದ ಮೂರು ಕಾರುಗಳು ಕಾಣುತ್ತವೆ. ಎದುರು ಕುಳಿತ ಹಿರಿಯರಿಗೆ, ನಡುವೆ ಮರೆಯಿರುವುದರಿಂದ, ತೀರ ಚಿಕ್ಕ ಕಾರು ಕಾಣುವುದಿಲ್ಲ. ಅವರು 'ಚಿಕ್ಕ ಕಾರನ್ನು ಸರಿಸು' ಎನ್ನುತ್ತಾರೆ. ಅವರ ಕಣ್ಣಿನಿಂದ ನೋಡಬಲ್ಲ ಮಗು ಮಧ್ಯಮ ಗಾತ್ರದ್ದನ್ನು ಸರಿಸಬೇಕು. ಒಂದೇ ಭಾಷೆಯ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಸಲ ಮಾತ್ರ ಇದು ಸಾಧ್ಯವಾಯಿತು. ಎರಡು ಭಾಷೆಯ ಮಕ್ಕಳಲ್ಲಿ ಸುಮಾರು ಮುಕ್ಕಾಲು ಪಾಲು. ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಮೂರನೆಯ ಗುಂಪು. ಆ ಮಕ್ಕಳು ಎರಡನೆಯ ಭಾಷೆಯನ್ನು ಆಡಲಾರರು, ಸುತ್ತಮುತ್ತ ಕೇಳಿ ಬಲ್ಲರು ಅಷ್ಟೇ. ಅವರೂ ಎರಡು ಭಾಷೆಯವರಿಗೆ ಸರಿಸಮಾನರಾಗಿದ್ದರು. ಯಾರು ಯಾರೊಡನೆ ಯಾವ ನುಡಿ ಆಡುತ್ತಾರೆಂದು ಗಮನಿಸುತ್ತ ಬೆಳೆಯುವುದೇ ಒಂದು ಶಿಕ್ಷಣವೆಂದು ಇದರಿಂದ ಊಹಿಸಬಹುದು.

ಸೇಲಂನ ಆ ಹುಡುಗಿ ಇದನ್ನು ನನ್ನೆದುರಿಗೇ ಮಾಡಿ ತೋರಿಸಿದಳು. ಮಗ್ಗದ ಭಾಗಗಳ ಹೆಸರುಗಳನ್ನು ಬರೆದುಕೊಡು ಎಂದು ಕೇಳಿದ್ದೆ. ಅವಳಿಗೆ ಕನ್ನಡ ಲಿಪಿ ಬಾರದು. ತಮಿಳು ಲಿಪಿಯಲ್ಲಿ ಬರೆಯತೊಡಗಿದಳು. ಲಾಳಿ, ಕಂಡಿಕೆ ಎಂದು ಬರೆದು 'ಗುಂಡಿ'ಗೆ ಬಂದವಳು ಕಿಸಕ್ಕನೆ ನಕ್ಕು ಪೆನ್ನು ಕೆಳಗಿಟ್ಟಳು. ತಮಿಳಿನಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ. ಹಾಗೆ ಬರೆದ ಪದವನ್ನು ತಮಿಳರು 'ಕ'ಕಾರದಿಂದ ಓದಿದರೆ, ನಾಲ್ಕು ಜನರೆದುರು ಆಡಬಾರದ ಮಾತಾಗುತ್ತದೆ. "ಸಾರ್, ಬೇರೆಯವರು ಓದಿದರೆ ನಮ್ಮ ತಾತ ಏನು ಬರೆಸಿದರು ಅಂದುಕೊಳ್ತಾರೆ" ಎಂದಳು. ಆಮೇಲೆ ಆ ಅಕ್ಷರದ ಕೆಳಗೆ ಒಂದು ಚುಕ್ಕೆಯಿಟ್ಟು, ಚುಕ್ಕೆಯಿದ್ದರೆ ಮೆತ್ತಗೆ ಓದಬೇಕೆಂದು ಪಕ್ಕದಲ್ಲಿ ಟಿಪ್ಪಣಿ ಹಾಕಿದಳು. ಓದುಗನ ಜಾಗದಲ್ಲಿ ನಿಂತು ತನ್ನ ಬರಹವನ್ನು ನೋಡಿ, ತೊಡಕನ್ನು ಕಂಡು, ಪರಿಹಾರವನ್ನೂ ಹುಡುಕಿದ್ದಳು. ಒಡಿಶಾದ ಕಂಧ ಮಕ್ಕಳಲ್ಲಿ ಅಜಿತ್ ಮೊಹಾಂತಿ ಅವರು ಗುರುತಿಸಿದ್ದೂ ಇಂಥ ಭಾಷಾಪ್ರಜ್ಞೆಯನ್ನೇ: ಕುಯಿ ಮತ್ತು ಒಡಿಯಾ ಎರಡನ್ನೂ ಆಡುವ ಮಕ್ಕಳು ಒಡಿಯಾ ಒಂದನ್ನೇ ಬಲ್ಲ ಕಂಧ ಮಕ್ಕಳಿಗಿಂತ ಇದರಲ್ಲಿ ಮುಂದಿದ್ದರು. ಅವರ ಗ್ರಂಥವನ್ನು 1994ರಲ್ಲಿ ಪ್ರಕಟಿಸಿದ್ದು ನಮ್ಮ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ.

ಆ ಹುಡುಗಿಯ ಅಣ್ಣನ ಸಂಗತಿ ಬೇರೆ. ಪಾಲಿಟೆಕ್ನಿಕ್ ಓದುತ್ತಿದ್ದ ಅವನು ತಾಯಿಯ ಕನ್ನಡಕ್ಕೆ ತಮಿಳಿನಲ್ಲೇ ಉತ್ತರ ಕೊಡುತ್ತಿದ್ದ. ಮನೆಗೆ ಗೆಳೆಯರು ಬಂದಾಗಲಂತೂ ತಾಯಿಯೇ ತಮಿಳಿಗೆ ಹೊರಳುತ್ತಿದ್ದರು. ಯಾರೂ ಅವನನ್ನು ಹೀಯಾಳಿಸಿರಲಿಲ್ಲ, ನಾನು ಕೇಳಿದ್ದೇನೆ. ಹದಿಹರೆಯಕ್ಕೆ ಹೀಯಾಳಿಕೆ ಬೇಕೆಂದೇನೂ ಇಲ್ಲ, ಗುಂಪಿನಲ್ಲಿ ಬೇರೆಯಾಗಿ ಕಾಣಬಹುದೆಂಬ ಅನುಮಾನವೇ ಸಾಕು. 1960ರಲ್ಲಿ ಮಾಂಟ್ರಿಯಲ್‌ನ ವ್ಯಾಲೆಸ್ ಲ್ಯಾಂಬರ್ಟ್ ಮತ್ತು ಸಂಗಡಿಗರು ಒಬ್ಬನೇ ವ್ಯಕ್ತಿಯಿಂದ ಇಂಗ್ಲಿಷಿನಲ್ಲೂ ಫ್ರೆಂಚಿನಲ್ಲೂ ಓದಿಸಿ, ಇಬ್ಬರು ಬೇರೆ ಬೇರೆ ಎಂಬ ಭಾವನೆ ಬರುವಂತೆ ವಿದ್ಯಾರ್ಥಿಗಳಿಗೆ ಕೇಳಿಸಿದರು. ಇಂಗ್ಲಿಷ್ ದನಿಗೆ ಹೆಚ್ಚು ಗುಣಗಳನ್ನು ಆರೋಪಿಸಿದವರಲ್ಲಿ ಫ್ರೆಂಚ್ ಮನೆಮಾತಿನವರೂ ಇದ್ದರು. ತನ್ನ ನುಡಿಯನ್ನು ಎದುರಿನವರ ಕಿವಿಯಿಂದ ಕೇಳಿಸಿಕೊಳ್ಳುವ ಆ ಸಾಮರ್ಥ್ಯ ತಂಗಿಯಲ್ಲಿ ನಗುವಾಗಿತ್ತು, ಅಣ್ಣನಲ್ಲಿ ಸಂಕೋಚವಾಗಿತ್ತು.

ಇದಕ್ಕೆಲ್ಲ ತಮಿಳುನಾಡಿನ ಕಾನೂನನ್ನೇ ದೂರುವವರಿದ್ದಾರೆ. 2006ರ ತಮಿಳು ಕಲಿಕೆ ಕಾಯ್ದೆ ಒಂದನೆಯ ತರಗತಿಯಿಂದ ಹಂತಹಂತವಾಗಿ ತಮಿಳನ್ನು ಕಡ್ಡಾಯಗೊಳಿಸಿತು. ಹೊಸೂರಿನ ಕಡೆಯ ಕನ್ನಡ ಮಾಧ್ಯಮದ ಶಾಲೆಗಳಿಗೆ ಅದರ ಬಿಸಿ ತಟ್ಟಿದ್ದು ನಿಜ. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಲಭ್ಯ ಇರಬೇಕೆಂದು ಸಂವಿಧಾನದ 350ಎ ವಿಧಿ ಹೇಳುವುದೂ ನಿಜ. ಆದರೆ ಸೇಲಂನ ಆ ಬೀದಿಯವರು ಹಿಂದೆಯೂ ತಮಿಳು ಶಾಲೆಯಲ್ಲೇ ಓದಿದವರು. ಅಜ್ಜಿಯೂ ತಮಿಳು ಶಾಲೆಗೇ ಹೋಗಿದ್ದರು.

ಇಷ್ಟನ್ನು ವಿಭಾಗದ ವಾರ್ತಾಪತ್ರದಲ್ಲಿ ಬರೆಯಲು ಕಾರಣವಿದೆ. ನಮ್ಮ ಐಚ್ಛಿಕ ಕನ್ನಡ ತರಗತಿಯಲ್ಲಿ ಧರ್ಮಪುರಿ, ಹೊಸೂರು, ಡೆಂಕಣಿಕೋಟೆ ಕಡೆಯಿಂದ ಬಂದವರು ಐವರಿದ್ದಾರೆ. ಉತ್ತರಪತ್ರಿಕೆಯಲ್ಲಿ ಮುಂದಿರುವ ಅವರು ವಿಚಾರಗೋಷ್ಠಿಯಲ್ಲಿ ಬಾಯಿ ಬಿಡುವುದಿಲ್ಲ. ಮೈಸೂರು ಸೀಮೆಯ ಗೆಳೆಯರು ನಗುವುದು ತಮಾಷೆಗೇ ಇರಬಹುದು. ಆ ನಗು ಯಾವ ಕಿವಿಗೆ ಹೇಗೆ ಕೇಳಿಸುತ್ತದೆ ಎಂಬುದನ್ನು ನಗುವವರು ಒಮ್ಮೆ ಯೋಚಿಸಬೇಕು. ನಿಮ್ಮಲ್ಲಿ ಹಲವರು ನಾಳೆ ಮೇಷ್ಟರಾಗುವವರು, ನಿಮ್ಮ ಮುಂದೆ ಇಂಥದೇ ಮಕ್ಕಳು ಕುಳಿತಿರುತ್ತಾರೆ.

ಆದ್ದರಿಂದ ಈ ಸಲದ ನಿಯೋಜಿತ ಬರಹ ಕವಿಚರಿತೆಯ ಮೇಲಲ್ಲ. ನಿಮ್ಮ ಮನೆಯಲ್ಲಿ ಅಥವಾ ನೆರೆಯಲ್ಲಿ ಮಕ್ಕಳು ಹಿರಿಯರಿಲ್ಲದಾಗ ತಮ್ಮತಮ್ಮಲ್ಲಿ ಏನು, ಯಾವ ನುಡಿಯಲ್ಲಿ ಆಡುತ್ತಾರೆ ಎಂಬುದನ್ನು ಅರ್ಧ ಗಂಟೆ ಕೇಳಿ, ಆಡಿದಂತೆಯೇ ಬರೆದು ತನ್ನಿ. ಗ್ರಂಥಸ್ಥ ಕನ್ನಡಕ್ಕೆ ತಿದ್ದಬೇಡಿ. ಹೊಸೂರಿನ ಕಡೆಯ ವಿದ್ಯಾರ್ಥಿನಿಯೊಬ್ಬಳು ಈಗಾಗಲೇ ನಾಲ್ಕು ಪುಟ ತಂದುಕೊಟ್ಟಿದ್ದಾಳೆ. ಅವಳ ಚಿಕ್ಕಪ್ಪನ ಮಕ್ಕಳು ಜಗಳವನ್ನು ಕನ್ನಡದಲ್ಲಿ ಆರಂಭಿಸಿ ತಮಿಳಿನಲ್ಲಿ ಬೆಳೆಸುತ್ತಾರಂತೆ. ಪಕ್ಕದ ಮನೆಯ ಹುಡುಗ ಬಂದರೆ ತೆಲುಗಿನಲ್ಲಿ ರಾಜಿ. ಉಳಿದವರು ಮುಂದಿನ ಸೋಮವಾರದೊಳಗೆ ವಿಭಾಗದ ಕೊಠಡಿಗೆ ತಲುಪಿಸಿ.